ಪುಕ್ಕದ ಕಮ್ಮೂನಾ ಸಾಕಿದ ಪಾಠಶಾಲೆ

ಕಮ್ಮೂನಾಳ ಉಗುರುಗಳು ಯಾವತ್ತೂ ಕಪ್ಪಗೇ ಇರುತ್ತಿದ್ದವು. ಕೋಳಿಯ ರಕ್ತ ಒಣಗಿ ಉಗುರಿನ ಸಂದಿಗೆ ಸೇರಿಬಿಟ್ಟರೆ ನಿಂಬೆ ಹಚ್ಚಿ ಉಜ್ಜಿದರೂ ಬಿಡುವುದಿಲ್ಲ. ತ್ರಿಪೋಲಿಯಿಂದ ಕತ್ತೆಯ ಮೇಲೆ ಅರ್ಧ ದಿನದ ದಾರಿ ಆ ಊರು. ಸಮುದ್ರದ ಕಡೆಗಿದ್ದ ಯೆಹೂದಿ ಕೇರಿಯಲ್ಲಿ ಎಂಬತ್ತು ಮನೆ. ಎಂಬತ್ತು ಮನೆಯ ಕೋಳಿಯನ್ನೂ ಕೊಯ್ಯುವವನು ಖಮೂಸ್, ಪುಕ್ಕ ಕೀಳುವವಳು ಕಮ್ಮೂನಾ. ನಮ್ಮವರ ಕೋಳಿಯನ್ನು ಬಿಸಿನೀರಿಗೆ ಅದ್ದುವ ಹಾಗಿಲ್ಲ. ಮೈ ಬೆಚ್ಚಗಿರುವಾಗಲೇ ಒಣ ಪುಕ್ಕ ಕೀಳಬೇಕು, ಚರ್ಮ ಹರಿಯಬಾರದು. ಒಂದು ಕೋಳಿಗೆ ಅವಳಿಗೆ ಬೇಕಾಗುತ್ತಿದ್ದುದು ಒಂದು ಲೋಟ ಚಹಾ ಆರುವಷ್ಟು ಹೊತ್ತು.

ಅವಳಿಗೆ ಸಲ್ಲುತ್ತಿದ್ದುದು ಪುಕ್ಕ, ಕತ್ತು ಮತ್ತು ಕಾಲು. ಪುಕ್ಕ ದಿಂಬಿಗೆ ಹೋಗುತ್ತಿತ್ತು. ಕತ್ತು, ಕಾಲು, ನೆನೆಸಿದ ಕಡಲೆ, ಮೆಣಸು ಹಾಕಿ ದೊಡ್ಡ ಪಾತ್ರೆಯಲ್ಲಿ ಸಾರು ಕುದಿಸಿ ದಿನಾ ಮಧ್ಯಾಹ್ನ ಪಾಠಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಇಪ್ಪತ್ತಮೂರು ಮಕ್ಕಳು, ಇಪ್ಪತ್ತಮೂರು ಬಟ್ಟಲು. ಪುಣ್ಯಕ್ಕೆ ಮಾಡುತ್ತಿದ್ದಳು ಅನ್ನುವುದು ಪೂರ್ತಿ ಸರಿಯಲ್ಲ. ಮೂರು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟವಳು ಅವಳು. ಗಂಡ ಹ್ಲಾಫೂವನ್ನು ಇಟಲಿಯವರು ಯುದ್ಧದ ಕಾಲದಲ್ಲಿ ಮರುಭೂಮಿಗೆ ಕೂಲಿಗೆ ಎಳೆದುಕೊಂಡು ಹೋಗಿದ್ದರು. ಅಲ್ಲಿ ಬಾಂಬು ಬಿದ್ದು ಸತ್ತ. ಹೂಳಲು ಸಿಕ್ಕಿದ್ದು ಒಂದು ಕಾಲು ಮಾತ್ರ ಎಂದು ಜೊತೆಗಿದ್ದವರು ಹೇಳಿದರು. ಸತ್ತವನ ಹೆಸರಿನಲ್ಲಿ ಪ್ರಾರ್ಥನೆ ಹೇಳಲು ಗಂಡುಮಗ ಬೇಕು. ಅವಳಿಗಿರಲಿಲ್ಲ. ಹಾಗಾಗಿ ಪಾಠಶಾಲೆಯ ಮಕ್ಕಳು ಹೇಳುತ್ತಿದ್ದರು. ಪಾಠಶಾಲೆ ನಿಂತರೆ ಹ್ಲಾಫೂವಿನ ಹೆಸರು ಹೇಳುವ ಬಾಯಿಯೂ ನಿಲ್ಲುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪಾಠ ಹೇಳುತ್ತಿದ್ದವನು ರಿಬ್ಬಿ ಬೀಶಿ; ರಿಬ್ಬಿ ಅಂದರೆ ಗುರು. ತೆಳ್ಳನೆಯ ಮನುಷ್ಯ, ಕೈಯಲ್ಲಿ ಯಾವಾಗಲೂ ಆಲಿವ್ ಮರದ ಬೆತ್ತ. ತಪ್ಪು ಓದಿದವರ ಎರಡು ಕಾಲನ್ನೂ ಹಗ್ಗಕ್ಕೆ ಕಟ್ಟಿ ಅಂಗಾಲಿಗೆ ಹೊಡೆಯುತ್ತಿದ್ದ. ಕಮ್ಮೂನಾ ಸಾರಿನ ಪಾತ್ರೆ ಇಳಿಸುತ್ತಾ ಅಂದಿದ್ದಳು, "ರಿಬ್ಬಿ, ನಾವು ಕೋಳಿಗೆ ಒಂದೇ ಸಲ ಕತ್ತಿ ಹಾಕೋದು. ನೀವು ಮಕ್ಕಳಿಗೆ ದಿನಾ ಹಾಕ್ತೀರಲ್ಲ."

"ನಿನ್ನ ಕೋಳಿಗೆ ಓದು ಬರುತ್ತೇನೇ?"

"ಹೊಡೆದ್ರೆ ಬರೋದಾದ್ರೆ ಅದಕ್ಕೂ ಬರಬೇಕಿತ್ತಲ್ಲ."

ರಿಬ್ಬಿ ನಕ್ಕಿದ್ದ, ಆದರೆ ಬೆತ್ತ ಕೆಳಗಿಟ್ಟಿರಲಿಲ್ಲ.

ಯುದ್ಧ ಮುಗಿದ ವರ್ಷ ಇಟಲಿಯ ಲಿವೋರ್ನೊದಿಂದ ಒಂದು ಪೆಟ್ಟಿಗೆ ಬಂತು. ಕಳಿಸಿದವನು ಸಿನ್ಯೋರ್ ವಿತ್ತೋರಿಯೋ, ಇದೇ ಕೇರಿಯಲ್ಲಿ ಹುಟ್ಟಿ ಅಲ್ಲಿಗೆ ಹೋಗಿ ಬಟ್ಟೆ ವ್ಯಾಪಾರದಲ್ಲಿ ಬೆಳೆದವನು. ಅವನ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಜರ್ಮನಿಯವರು ರೈಲಿಗೆ ತುಂಬಿ ಕೊಂಡೊಯ್ದು ಕೊಂದಿದ್ದರು. ಅವರ ಹೆಸರಿನಲ್ಲಿ ಮಕ್ಕಳಿಗೆ ನಲವತ್ತು ತೆಳ್ಳನೆಯ ಹೊಸ ಪುಸ್ತಕ. ಅಲ್ಲಿಯವರೆಗೆ ಐದು ಮಕ್ಕಳಿಗೆ ಒಂದು ಪುಸ್ತಕವಿತ್ತು. ಇಲಿ ತಿನ್ನಬಾರದೆಂದು ಕಮ್ಮೂನಾ ದಿಂಬಿನ ನೀಲಿ ಗೆರೆಯ ಬಟ್ಟೆಯಲ್ಲಿ ಚೀಲ ಹೊಲಿದಳು. ಬಟ್ಟೆ ಉಳಿಯಿತು. ಅದರಲ್ಲಿ ಇನ್ನೊಂದು ಚೀಲ ಹೊಲಿದು ಹರಿದ ಹಾಳೆಗಳಿಗೆ ಕೊಟ್ಟಳು. ದೇವರ ಹೆಸರಿರುವ ಹಾಳೆ ಹರಿದರೆ ಸುಡುವಂತಿಲ್ಲ, ಎಸೆಯುವಂತಿಲ್ಲ. ಕೂಡಿಟ್ಟು, ಸತ್ತವರನ್ನು ಹೂಳುವ ಹಾಗೆ ಹೂಳಬೇಕು. ಪುಸ್ತಕದ ಚೀಲ ಏಣಿಯ ಪಕ್ಕದ ಗೂಟಕ್ಕೆ, ಹರಿದ ಹಾಳೆಯ ಚೀಲ ಅಟ್ಟಕ್ಕೆ. ಅಕ್ಷರ ಬಾರದ ಅವಳಿಗೆ ಗುರುತು ಅದೇ ಜಾಗ.

ಆ ಚಳಿಗಾಲದ ಒಂದು ಸೋಮವಾರ ಬೆಳಿಗ್ಗೆ ರಿಬ್ಬಿ ಅಟ್ಟದ ಚೀಲವನ್ನು ಇಳಿಸಿದ. ಗುರುವಾರ ಹಾಳೆಗಳನ್ನು ಹೂಳುವುದೆಂದು ನಿಶ್ಚಯವಾಗಿತ್ತು. ಪುಸ್ತಕಗಳನ್ನು ಕಪಾಟಿಗೆ ಸೇರಿಸಿ, ಖಾಲಿಯಾದ ಗೂಟಕ್ಕೆ ಹರಿದ ಹಾಳೆಯ ಚೀಲ ನೇತುಹಾಕಿದ. ಕಮ್ಮೂನಾ ಆಗ ಖಮೂಸನ ಕೊಟ್ಟಿಗೆಯಲ್ಲಿ ಕೋಳಿ ಕೀಳುತ್ತಿದ್ದಳು. ಅವಳಿಗೆ ಇದು ತಿಳಿಯಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಸಂತೆಯ ಕಡೆಯಿಂದ ಗದ್ದಲ ಕೇಳಿಸಿತು. ತ್ರಿಪೋಲಿಯಲ್ಲಿ ಯೆಹೂದಿಗಳನ್ನು ಹೊಡೆಯುವುದು ಹಿಂದಿನ ದಿನವೇ ಶುರುವಾಗಿತ್ತಂತೆ. ಖಮೂಸ್ ಕತ್ತಿ ಒರೆಸುತ್ತಾ ಬಾಗಿಲಿಗೆ ಹೋದ. ಒಬ್ಬ ದೊಣ್ಣೆಯಿಂದ ಅವನ ತಲೆಯ ಬದಿಗೆ ಹೊಡೆದ. ಕಿವಿ ಹರಿದು ಕೆನ್ನೆಯ ಮೇಲೆ ನೇತಾಡಿತು. ಖಮೂಸ್ ಬಿದ್ದ, ಅವನ ಮೇಲೆ ಬೆತ್ತದ ಬುಟ್ಟಿ ಉರುಳಿತು, ಒಳಗಿದ್ದ ಕೋಳಿಗಳೆಲ್ಲ ಹಾರಿದವು. ಆ ಪುಕ್ಕದ ಗಲಾಟೆಯಲ್ಲಿ ಕಮ್ಮೂನಾ ಕಾಲು ಕಡಿಯುವ ಕತ್ತಿ ಹಿಡಿದು ಹಿಂಬಾಗಿಲಿಂದ ಓಡಿದಳು.

ಬೀದಿಯಲ್ಲಿ ಅಕ್ಕಸಾಲಿ ನೆಹ್ಮೀಯನ್ನು ಅವನ ಅಂಗಡಿಯ ಬಾಗಿಲ ಹಲಗೆಯಿಂದಲೇ ಹೊಡೆಯುತ್ತಿದ್ದರು. ಹೊಡೆದವರಲ್ಲಿ ಇಬ್ಬರು ಅವಳಿಗೆ ಗೊತ್ತಿದ್ದವರು. ನಿಂತು ನೋಡಲಿಲ್ಲ.

ಪಾಠಶಾಲೆ ಪ್ರಾರ್ಥನಾಮಂದಿರದ ಅಂಗಳದಲ್ಲಿತ್ತು. ರಿಬ್ಬಿ ಬಾಗಿಲಿಗೆ ಬೆಂಚು ಒತ್ತಿ ಅದರ ಮೇಲೆ ಬೆನ್ನು ಕೊಟ್ಟು ಕೂತಿದ್ದ. ಕಮ್ಮೂನಾ ಅಡುಗೆಯ ಕಿಂಡಿಯಿಂದ ನುಗ್ಗಿದಳು.

"ಏಣಿ," ಅಂದ ರಿಬ್ಬಿ. "ಮಕ್ಕಳನ್ನ ಮಾಳಿಗೆಗೆ ಹತ್ತಿಸು. ನಾನು ಎದ್ರೆ ಬಾಗಿಲು ಹೋಗುತ್ತೆ."

ಅವಳು ಹತ್ತಿಸಿದಳು. ಪಕ್ಕದ ಮಾಳಿಗೆ ಮಬ್ರೂಕಾಳದು. ಮುಸಲ್ಮಾನರ ಮನೆ, ನಡುವೆ ಸೊಂಟದೆತ್ತರದ ಗೋಡೆ. ಮಬ್ರೂಕಾ ಸದ್ದಿಗೆ ಆಗಲೇ ಮೇಲೆ ಬಂದಿದ್ದಳು. "ಕೊಡೇ, ಕೊಡು, ಬಾಯಿ ಮುಚ್ಚಿಸಿ ಕೊಡು," ಎಂದು ಒಂದೊಂದೇ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿಕೊಂಡಳು. ಕಮ್ಮೂನಾ ಎಣಿಸುತ್ತಲೇ ಇದ್ದಳು. ಇಪ್ಪತ್ತಮೂರನೆಯದು ದಾಟಿದಾಗ ಕೆಳಗೆ ಬಾಗಿಲು ಮುರಿಯಿತು.

ಅವಳು ಮಾಳಿಗೆಯಲ್ಲೇ ಇರಬಹುದಿತ್ತು. ಇಳಿದಳು. ಏಣಿಯಿಂದ ಗೂಟಕ್ಕೆ ಮೂರು ಹೆಜ್ಜೆ. ಏಣಿಯಿಂದ ಬಾಗಿಲಿಗೆ ಏಳು ಹೆಜ್ಜೆ. ರಿಬ್ಬಿ ಹೊಸ್ತಿಲ ಮೇಲೆ ಬಿದ್ದಿದ್ದ. ಕಬ್ಬಿಣದ ಸರಳು ಅವನ ಮಂಡಿಗೆ ಬಿದ್ದಿತ್ತು, ಆಮೇಲೆ ಹೊಟ್ಟೆಗೆ. ಜನ ಅವನನ್ನು ತುಳಿದುಕೊಂಡೇ ಒಳಗೆ ಬರುತ್ತಿದ್ದರು. ಅವಳು ಗೂಟದ ಚೀಲ ಎಳೆದುಕೊಂಡಳು. ಇದ್ದಿಲು ಮಾರುವ ಅಶೂರ್, ಪ್ರತಿ ಬುಧವಾರ ಅವಳ ಬಾಗಿಲಿಗೆ ಬರುತ್ತಿದ್ದವನು, ಚೀಲದ ಇನ್ನೊಂದು ಮೂಲೆ ಹಿಡಿದ.

"ಬಿಡು ಮುದುಕಿ, ಬಂಗಾರ ಎಲ್ಲಿಗೆ ಸಾಗಿಸ್ತೀಯ?"

"ಅದು ಮಕ್ಕಳ ಪುಸ್ತಕ ಕಣೋ."

"ತೋರಿಸು ಮತ್ತೆ."

ಅವಳು ತೋರಿಸಲಿಲ್ಲ. ಅವನ ಕೈ ಗೋಡೆಗೆ ಒತ್ತಿಕೊಂಡಿತ್ತು. ಕೋಳಿಯ ಕಾಲನ್ನು ಗಿಣ್ಣಿಗೆ ಸರಿಯಾಗಿ ಕಡಿಯುವ ಹಾಗೆ ಕಡಿದಳು. ಎರಡು ಬೆರಳು ಬಿದ್ದವು. ಅಶೂರ್ ಕೈಯನ್ನು ನೋಡಿಕೊಂಡು ಅಲ್ಲೇ ಕುಕ್ಕರಿಸಿದ.

ಆಗ ರಿಬ್ಬಿ ಹೊಸ್ತಿಲಿಂದ ಕೈ ಎತ್ತಿದ. ಅಂಗೈ ಅವಳ ಕಡೆಗೆ, ಬೆರಳು ಬಿಡಿಸಿ, ಎರಡು ಸಲ ಅಲ್ಲಾಡಿಸಿದ. ಅವನು ಬದುಕಿದ್ದ. ಅವಳನ್ನೇ ನೋಡುತ್ತಿದ್ದ. ಕರೆಯುತ್ತಿದ್ದಾನೆ ಅಂತಲೇ ಅವಳಿಗೆ ಅನ್ನಿಸಿತು. ಏಳು ಹೆಜ್ಜೆ. ಚೀಲ ಬಿಟ್ಟರೆ ಅವನನ್ನು ಎಳೆಯಬಹುದಿತ್ತೋ ಏನೋ. ಅವಳು ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಹತ್ತಿದಳು. ಗೋಡೆ ದಾಟುವಾಗ ಕೆಳಗಿಂದ ಹೊಗೆ ಏಳುತ್ತಿತ್ತು.

ಮಬ್ರೂಕಾ ತನ್ನ ಬಾಗಿಲ ಹೊಸ್ತಿಲಲ್ಲಿ ಹಿತ್ತಾಳೆಯ ಕುಟ್ಟಾಣಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಗುಂಪು ಬಂದಾಗ ಅವಳು ಏಳಲಿಲ್ಲ. "ಒಳಗೆ ನನ್ನ ಗಂಡನಿಗೆ ಸಿಡುಬು ಎದ್ದಿದೆ. ಬನ್ನಿ, ಮುಟ್ಟಿ ಮಾತಾಡಿಸಿ, ನಿಮ್ಮ ಹೆಂಡ್ತಿಗೂ ಒಂದಿಷ್ಟು ತಗೊಂಡು ಹೋಗಿ." ಯಾರೂ ಬರಲಿಲ್ಲ. ಅವಳ ಗಂಡ ಸತ್ತು ಆರು ವರ್ಷವಾಗಿತ್ತು.

ಮೂರು ದಿನ ಹೀಗೆ ನಡೆಯಿತು. ಇಪ್ಪತ್ತಮೂರು ಮಕ್ಕಳು ಒಣ ಖರ್ಜೂರ ತಿಂದು ಮಬ್ರೂಕಾಳ ಧಾನ್ಯದ ಕೋಣೆಯಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದರು. ನಾಲ್ಕನೆಯ ದಿನ ಗಲಭೆ ಅಡಗಿಸಲು ಸರ್ಕಾರದ ಸಿಪಾಯಿಗಳು ಬಂದರು. ಆಗ ಕಮ್ಮೂನಾ ಚೀಲ ಬಿಚ್ಚಿದಳು. ಅವಳಿಗೆ ಓದಲು ಬಾರದು, ಆದರೆ ಹೊಸ ಕಾಗದ ಯಾವುದು ಹಳೆಯದು ಯಾವುದು ಕೈಗೆ ತಿಳಿಯುತ್ತದೆ. ಮೂಲೆ ಇಲ್ಲದ ಹಾಳೆ, ಮೇಣ ಬಿದ್ದ ಹಾಳೆ, ಹುಳು ತಿಂದ ಹಾಳೆ. ಅವಳು ಬದುಕಿದ್ದ ಮನುಷ್ಯನನ್ನು ಬಿಟ್ಟು ಹೂಳುವುದಕ್ಕೆ ಇಟ್ಟದ್ದನ್ನು ಹೊತ್ತು ತಂದಿದ್ದಳು. ಕಪಾಟಿನ ನಲವತ್ತು ಪುಸ್ತಕ ಬೂದಿಯಾಗಿತ್ತು. ರಿಬ್ಬಿಯ ಹೆಣ ಹೊಸ್ತಿಲಲ್ಲೇ ಇತ್ತು. ಅವನ ಕುತ್ತಿಗೆಗೂ ಹೊಡೆದಿದ್ದರು.

ಕೊಲೆಯಾದವರನ್ನು ಅವರ ರಕ್ತದ ಬಟ್ಟೆಯಲ್ಲೇ ಹೂಳುವುದು, ರಕ್ತ ಕುಡಿದ ಮಣ್ಣನ್ನೂ ಜೊತೆಗೆ ಇಡುವುದು ನಮ್ಮ ಪದ್ಧತಿ. ಕಮ್ಮೂನಾ ಮಂಡಿಯೂರಿ ಹೊಸ್ತಿಲ ಮಣ್ಣನ್ನು ಅದೇ ಕತ್ತಿಯಿಂದ ಕೆರೆದು ದಿಂಬಿನ ಹೊದಿಕೆಗೆ ತುಂಬಿದಳು. ರಿಬ್ಬಿ ಕೈ ಎತ್ತಿದ್ದನ್ನು ಆ ದಿನ ಅವಳು ಯಾರಿಗೂ ಹೇಳಲಿಲ್ಲ.

ಕೇರಿಯ ಹಿರಿಯ ಫ್ರಾಜಿ ಅಜ್ಜ ಚೀಲ ಕೇಳಲು ಬಂದ. ಹರಿದ ಹಾಳೆಗಳನ್ನು ಓದಿದವರ ಗೋರಿಯಲ್ಲಿ ಇಡುವುದು ವಾಡಿಕೆ.

"ಕೊಡಮ್ಮ, ಅವನ ತಲೆದಿಂಬಿಗಾಗಲಿ."

"ಕೊಡಲ್ಲ. ಮಕ್ಕಳಿಗೆ ಬೇರೆ ಏನಿದೆ?"

"ಹರಿದದ್ದು ಸತ್ತ ಹಾಗೆ ಕಣಮ್ಮ."

"ಅಜ್ಜ, ನಿಮಗೆ ಒಂದು ಕಣ್ಣಿಲ್ಲ, ಏಳು ಹಲ್ಲಿಲ್ಲ. ನಿಮ್ಮನ್ನ ಹೂಳಿದ್ದೀವಾ?"

ಅವಳ ಕೈಯಲ್ಲಿ ಕತ್ತಿ ಇತ್ತು. ಎತ್ತಿರಲಿಲ್ಲ, ಕೆಳಗಿಟ್ಟಿರಲೂ ಇಲ್ಲ. ಅಜ್ಜ ಕತ್ತಿಯನ್ನು ನೋಡಿದ, ಅಂಗಳದಲ್ಲಿ ಕೂತು ಚಾಪೆಯ ಮೇಲೆ ಹಾಳೆ ಆರಿಸುತ್ತಿದ್ದ ಮಕ್ಕಳನ್ನು ನೋಡಿದ. ಕೊನೆಗೆ ತಾನೂ ಕೂತ. ಓದಲು ಬರುವಂಥದ್ದು ಒಂದು ಕಡೆ, ಬಾರದ್ದು ಇನ್ನೊಂದು ಕಡೆ. ಓದಲಾಗದ್ದು ರಿಬ್ಬಿಯ ಜೊತೆ ಹೋಯಿತು. ಉಳಿದದ್ದನ್ನು ಕಮ್ಮೂನಾ ದಿಂಬಿನ ದಾರದಲ್ಲಿ ಹೊಲಿದಳು. ಹನ್ನೊಂದು ಪುಸ್ತಕವಾಯಿತು. ಯಾವುದಕ್ಕೂ ಮೊದಲ ಪುಟವಿರಲಿಲ್ಲ.

ರಿಬ್ಬಿಯ ಹೆಂಡತಿ ಮೀಸಾ ಗಲಭೆಯ ಮೊದಲ ದಿನವೆಲ್ಲ ತನ್ನ ಮನೆಯ ನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ನಿಂತು ಬದುಕಿಕೊಂಡವಳು. ಏಳು ದಿನದ ಸೂತಕಕ್ಕೆ ನೆಲದ ಮೇಲೆ ಕೂತಿದ್ದಳು. ಎಂಟನೆಯ ದಿನ ಕಮ್ಮೂನಾ ಅವಳ ಮನೆಗೆ ಹೋಗಿ ಎದುರು ನಿಂತು ಹೇಳಿದಳು, "ಮೀಸಕ್ಕ, ನಾನು ಚೀಲ ಎತ್ತಿಕೊಂಡಾಗ ರಿಬ್ಬಿ ಬದುಕಿದ್ರು. ಕೈ ಎತ್ತಿದ್ರು. ನಾನು ನೋಡಿದೆ. ಬಿಟ್ಟು ಹೋದೆ."

ಮೀಸಾ ಕಾಲಿನ ಮರದ ಪಾದುಕೆ ತೆಗೆದು ಅವಳ ಬಾಯಿಗೆ ಹೊಡೆದಳು. ಎರಡನೆಯ ಏಟಿಗೆ ಮುಂದಿನ ಹಲ್ಲು ಮುರಿಯಿತು. ಕಮ್ಮೂನಾ ಕೈ ಅಡ್ಡ ಹಿಡಿಯಲಿಲ್ಲ. ಮೀಸಾ ಹೆಗಲಿಗೆ, ಕುತ್ತಿಗೆಗೆ, ತಲೆಗೆ ಕೈ ಸೋಲುವವರೆಗೆ ಹೊಡೆದಳು. ನೆರೆಯವರು ಬಂದು ಬಿಡಿಸಿದರು.

"ಹರಿದ ಕಾಗದಕ್ಕೆ," ಅಂದಳು ಮೀಸಾ. "ಹರಿದ ಕಾಗದಕ್ಕೆ ನನ್ನ ಗಂಡನ್ನ ಕೊಟ್ಟು ಬಂದಳು ಇವಳು."

ಹದಿನೈದು ದಿನದ ಮೇಲೆ ಕಮ್ಮೂನಾ ತನ್ನ ಎರಡು ಕೋಣೆಯ ಮನೆಯಲ್ಲಿ ದೊಡ್ಡದನ್ನು ಪಾಠಶಾಲೆಗೆ ಬಿಟ್ಟುಕೊಟ್ಟಳು. ಮನೆ ಸಿಕ್ಕಿತು, ಹೇಳಿಕೊಡುವವರು ಸಿಗಲಿಲ್ಲ. ತ್ರಿಪೋಲಿಯಿಂದ ಯಾರೂ ಬರಲು ಒಪ್ಪಲಿಲ್ಲ. ಮಕ್ಕಳು ಬಾಯಿಪಾಠ ಬಂದಷ್ಟನ್ನೇ ಹೇಳಿಕೊಂಡು ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ಮೀಸಾ ಬಾಗಿಲಲ್ಲಿ ನಿಂತಿದ್ದಳು. ಅವಳು ಲಿಪಿಕಾರನ ಮಗಳು. ಅವಳಿಗೆ ಓದು ಬರುತ್ತದೆಂಬುದು ಕೇರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಒಳಗೆ ಬಂದಳು, ಕಮ್ಮೂನಾಳ ಕಡೆ ತಿರುಗದೆ ಮಕ್ಕಳಿಗೆ ಹೇಳಿದಳು, "ತಪ್ಪು ಹೇಳ್ತಾ ಇದೀರಿ. ಮೊದಲಿಂದ ಹೇಳಿ."

ಅಂದಿನಿಂದ ದಿನಾ ಬಂದಳು. ಕಮ್ಮೂನಾಳೊಂದಿಗೆ ಒಂದು ಮಾತೂ ಆಡಲಿಲ್ಲ. ನೀರು ಬೇಕಾದರೆ ಮಕ್ಕಳಿಗೆ, "ಈ ಮನೆಯವಳಿಗೆ ಹೇಳಿ, ಹೂಜಿ ಖಾಲಿಯಾಗಿದೆ ಅಂತ." ಕಮ್ಮೂನಾ ಎರಡು ಮೊಳ ದೂರದಲ್ಲಿ ನಿಂತು, "ಈಗ ತರ್ತೀನಿ ಅಂತ ಹೇಳ್ರಪ್ಪಾ," ಅನ್ನುವಳು. ಬೆತ್ತ ಮಾತ್ರ ಮೀಸಾ ಬಳಸಲಿಲ್ಲ. ಯಾರೋ ತಂದುಕೊಟ್ಟಾಗ ಮಂಡಿಗೆ ಒತ್ತಿ ಮುರಿದು ಸಾರಿನ ಒಲೆಗೆ ಹಾಕಿದಳು.

ಫ್ರಾಜಿ ಅಜ್ಜನಿಗೆ ಸಮಾಧಾನವಿರಲಿಲ್ಲ. "ಹೆಂಗಸು ಪಾಠ ಹೇಳೋದು, ಪುಕ್ಕ ಕೀಳೋಳ ಮನೇಲಿ ಕೂರೋದು. ಸಿನ್ಯೋರ್‌ಗೆ ಗೊತ್ತಾದ್ರೆ ಏನಂತಾನೆ?" ವಸಂತದಲ್ಲಿ ಸಿನ್ಯೋರ್ ಕಳಿಸಿದ ಮನುಷ್ಯ ಬಂದ. ಬಾಗಿಲಲ್ಲಿ ನಿಂತು ಒಂದು ಪಾಠ ಪೂರ್ತಿ ಕೇಳಿದ. ಕಾಗದ ಬರೆದ. ಎರಡು ತಿಂಗಳ ಮೇಲೆ ಉತ್ತರ ಬಂತು, ಅರವತ್ತು ಪುಸ್ತಕದ ಜೊತೆ. ಪಾಠಶಾಲೆಗೆ ನನ್ನ ಹೆಸರಿನ ಕಲ್ಲು ಹಾಕುವುದು ಬೇಡ, ನನ್ನ ಹುಡುಗಿಯರ ಹೆಸರಲ್ಲಿ ಹೆಣ್ಣುಮಕ್ಕಳನ್ನೂ ಕೂರಿಸಿ, ಹೇಳಿಕೊಡುವ ತಾಯಿ ಯಾರೋ ಅವರೇ ಮುಂದುವರಿಯಲಿ. ಅಜ್ಜ ಕಾಗದವನ್ನು ಎರಡು ಸಲ ಓದಿ, "ಸರಿ, ದುಡ್ಡಿದ್ದವನು ಹುಚ್ಚನಾದರೂ ನಡೆಯುತ್ತೆ," ಅಂದ. ಮಕ್ಕಳು ನಲವತ್ತೊಂದಾದರು. ಬಟ್ಟಲು ನಲವತ್ತೊಂದಾಯಿತು. ಕಮ್ಮೂನಾ ಪಕ್ಕದ ಊರಿನ ಕೋಳಿಗಳನ್ನೂ ಒಪ್ಪಿಕೊಂಡಳು. ಬೆರಳ ಗಿಣ್ಣುಗಳು ಊದಿಕೊಂಡವು. ಅಶೂರ್ ಮತ್ತೆ ಇದ್ದಿಲು ಮಾರಲು ಬಂದ, ಮೂರು ಬೆರಳಿನ ಕೈಯಲ್ಲಿ ಕತ್ತೆಯ ಹಗ್ಗ ಹಿಡಿದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಅವಳ ಬಾಗಿಲಲ್ಲಿ ಕೂಗದೆ ಮುಂದೆ ಹೋದ.

ಕಿಪ್ಪೂರ್ ಉಪವಾಸದ ಮುನ್ನಾದಿನ ಒಬ್ಬರೊಬ್ಬರ ಹತ್ತಿರ ಹೋಗಿ ಕ್ಷಮೆ ಕೇಳಬೇಕು. ಮನುಷ್ಯ ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮನ್ನಿಸದೆ ದೇವರು ಮನ್ನಿಸುವುದಿಲ್ಲ. ಮೊದಲ ವರ್ಷ ಕಮ್ಮೂನಾ ಕೇಳಿದಳು. ಮೀಸಾ, "ಇಲ್ಲ," ಅಂದಳು. ಅವಳ ಜೊತೆ ನೇರವಾಗಿ ಆಡಿದ ಮಾತು ವರ್ಷಕ್ಕೆ ಅದೊಂದೇ. ಎರಡನೆಯ ವರ್ಷ ಪ್ರಾರ್ಥನಾಮಂದಿರದ ಅಂಗಳದಲ್ಲಿ ಎಲ್ಲರೆದುರು ಕೇಳಿದಳು.

"ಇಲ್ಲ."

ಫ್ರಾಜಿ ಅಜ್ಜ ಅಡ್ಡ ಬಂದ. "ಮೀಸಾ, ಇದು ಎರಡನೇ ಸಲ. ಮೂರನೇ ಸಲಾನೂ ನೀನು ಇಲ್ಲ ಅಂದ್ರೆ ಅವಳು ಬಿಡುಗಡೆ. ಪಾಪದ ಗಂಟು ನಿನ್ನ ತಲೆಗೆ ಬರುತ್ತೆ. ಶಾಸ್ತ್ರ ಹಾಗಿದೆ. ಯೋಚನೆ ಮಾಡು."

"ಒಂದು ವರ್ಷ ಇದೆಯಲ್ಲ ಅಜ್ಜ."

ಆ ವರ್ಷ ಕೇರಿಯ ಹೆಂಗಸರಿಗೆಲ್ಲ ಇದೇ ಮಾತು. ಬಾವಿಕಟ್ಟೆಯಲ್ಲಿ, ರೊಟ್ಟಿಯ ಒಲೆಯ ಹತ್ತಿರ ಕಮ್ಮೂನಾಳನ್ನು ನಿಲ್ಲಿಸಿ, "ಇನ್ನೊಂದೇ ಸಲ ಕೇಳಿಬಿಡೇ. ಹೂಂ ಅಂದ್ರೂ ಗೆದ್ದೆ, ಇಲ್ಲ ಅಂದ್ರೂ ಗೆದ್ದೆ," ಅನ್ನುತ್ತಿದ್ದರು. ಅವಳು ನಗುತ್ತಿದ್ದಳು. ಹಲ್ಲಿಲ್ಲದ ಜಾಗ ಕಾಣುತ್ತಿತ್ತು.

ಮೂರನೆಯ ಕಿಪ್ಪೂರ್ ಬಂತು. ಆ ಮುನ್ನಾದಿನ ಕೇರಿಯ ಪ್ರತಿಯೊಬ್ಬರಿಗೂ ಒಂದೊಂದು ಕೋಳಿ. ಬದುಕಿರುವ ಕೋಳಿಯನ್ನು ತಲೆಯ ಸುತ್ತ ಮೂರು ಸಲ ತಿರುಗಿಸಿ, ನನ್ನ ಬದಲಿಗೆ ಇದು ಎಂದು ಖಮೂಸನ ಕೈಗೆ ಕೊಡುವುದು. ಮನೆಯ ಹಿರಿಯರು ಮನೆಯವರಿಗೆ ತಿರುಗಿಸುತ್ತಾರೆ. ಯಾರೂ ಇಲ್ಲದ ಕಮ್ಮೂನಾ ತನ್ನದನ್ನು ತಾನೇ ತಿರುಗಿಸಿಕೊಳ್ಳುತ್ತಿದ್ದಳು. ಈ ಸಲ ಅದಕ್ಕೂ ಬಿಡುವಾಗಿರಲಿಲ್ಲ. ಬೆಳಕು ಹರಿದಾಗಿನಿಂದ ಇನ್ನೂರು ಕೋಳಿ ಕೊಯ್ದಾಗಿತ್ತು, ಕೀಳಲು ಆ ದಿನ ಕೇರಿಯ ಹೆಂಗಸರೂ ಕೈಹಾಕಿದ್ದರು. ಕೊಟ್ಟಿಗೆಯ ನೆಲ ರಕ್ತ ಮತ್ತು ಬೂದಿ ಕಲಸಿ ಜಾರುತ್ತಿತ್ತು. ಕಮ್ಮೂನಾಳ ಬೆರಳ ತುದಿ ಒಡೆದು ಅವಳ ರಕ್ತವೂ ಪುಕ್ಕಕ್ಕೆ ಹತ್ತುತ್ತಿತ್ತು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಮೀಸಾ ಬಂದಳು, ಕಂಕುಳಲ್ಲಿ ಒಂದು ಬಿಳಿ ಹೇಂಟೆ. ತನ್ನ ಪಾಲಿನದನ್ನು ಬೆಳಿಗ್ಗೆಯೇ ಕಳಿಸಿದ್ದಳು.

"ಖಮೂಸ್," ಅಂದಳು, "ಇವಳನ್ನ ಕೇಳು, ಈ ಸಲ ಯಾಕೆ ಬರಲಿಲ್ಲ ಅಂತ."

ಖಮೂಸ್ ಕತ್ತಿಯ ಅಂಚನ್ನು ಉಗುರಿನ ಮೇಲೆ ಪರೀಕ್ಷಿಸುತ್ತಿದ್ದ. "ನನಗಿರೋದು ಒಂದೇ ಕಿವಿ ತಾಯಿ. ಇಬ್ಬರದ್ದೂ ಹಿಡಿಸಲ್ಲ. ನೀವೇ ಆಡ್ಕೊಳ್ಳಿ."

ಮೀಸಾ ತಿರುಗಿದಳು. "ಯಾಕೆ ಬರಲಿಲ್ಲ?"

"ಬಂದ್ರೆ ನೀವು ಇಲ್ಲ ಅಂತೀರಿ."

"ಅಂತೀನಿ."

"ಆಮೇಲೆ ನಾನು ಬಿಡುಗಡೆ, ಪಾಪ ನಿಮಗೆ. ನಲವತ್ತೊಂದು ಮಕ್ಕಳು ನಿಮ್ಮ ಬಾಯಿಂದ ದೇವರ ಮಾತು ಕಲೀತಾರೆ ಮೀಸಕ್ಕ. ಆ ಬಾಯಿಗೆ ಅದು ಹತ್ತಬಾರದು. ನನ್ನ ಹತ್ರಾನೇ ಇರಲಿ ಬಿಡಿ."

ಹೇಂಟೆ ಒದ್ದಾಡಿತು. ಮೀಸಾ ಅದರ ಕಾಲುಗಳನ್ನು ಬಿಗಿಯಾಗಿ ಹಿಡಿದಳು.

"ಅವರು ಕೈ ಎತ್ತಿದ್ರು ಅಂದ್ಯಲ್ಲ. ಹೇಗೆ ಎತ್ತಿದ್ರು? ತೋರಿಸು."

ಕಮ್ಮೂನಾ ಕೀಳುತ್ತಿದ್ದ ಕೋಳಿಯನ್ನು ಪಕ್ಕಕ್ಕಿಟ್ಟು ರಕ್ತದ ಅಂಗೈ ಎತ್ತಿದಳು. ಬೆರಳು ಬಿಡಿಸಿ ಎರಡು ಸಲ ಅಲ್ಲಾಡಿಸಿದಳು. "ಹೀಗೆ. ಆವತ್ತು ನನ್ನ ಕರೀತಿದಾರೆ ಅಂದ್ಕೊಂಡೆ. ಚೀಲ ಬಿಚ್ಚಿದ ಮೇಲೆ, ಅದಲ್ಲ ಅಂತ ಹೇಳ್ತಿದ್ರೇನೋ ಅನ್ನಿಸ್ತು. ಒಂದೊಂದು ಸಲ, ಹೋಗು ಅಂದ್ರೇನೋ ಅನ್ನಿಸುತ್ತೆ. ಅದು ನನಗೆ ಅನುಕೂಲದ್ದು, ಅದಕ್ಕೇ ನಂಬಲ್ಲ."

"ಇನ್ನೊಂದು ಸಲ."

ತೋರಿಸಿದಳು.

"ಅವರ ಜೊತೆ ಇಪ್ಪತ್ತೆರಡು ವರ್ಷ ಬಾಳಿದೀನಿ," ಅಂದಳು ಮೀಸಾ. "ನನಗೂ ಗೊತ್ತಾಗ್ತಿಲ್ಲ."

ಅವಳು ಹತ್ತಿರ ಬಂದಳು. ಕಮ್ಮೂನಾ ಏಟು ಬೀಳುತ್ತದೆಂದು ಕಣ್ಣು ಮುಚ್ಚಿ ಹಾಗೆಯೇ ಕೂತಳು. ತಲೆಯ ಮೇಲೆ ರೆಕ್ಕೆಯ ಗಾಳಿ ಬಡಿಯಿತು. ಮೀಸಾ ಹೇಂಟೆಯನ್ನು ಅವಳ ತಲೆಯ ಸುತ್ತ ತಿರುಗಿಸುತ್ತಿದ್ದಳು. "ಇದು ನಿನ್ನ ಬದಲಿಗೆ. ಇದು ನಿನ್ನ ಜಾಗಕ್ಕೆ. ಇದು ಸಾವಿಗೆ, ನೀನು ಬಾಳಿಗೆ." ಮೂರು ಸಲ. ಹಲ್ಲು ಕಚ್ಚಿಕೊಂಡು, ಬೈಯುವ ದನಿಯಲ್ಲಿ.

"ಮನ್ನಿಸಿದೆ ಅಂದ್ಕೋಬೇಡ."

"ಇಲ್ಲ."

"ಕೇಳಲೂ ಬೇಡ. ಯಾವತ್ತೂ ಕೇಳಬೇಡ. ಕೇಳಿದ್ರೆ ಇಲ್ಲ ಅಂತಲೇ ಬರುತ್ತೆ ನನ್ನ ಬಾಯಲ್ಲಿ."

"ಕೇಳಲ್ಲ."

ಮೀಸಾ ಹೇಂಟೆಯನ್ನು ಖಮೂಸನಿಗೆ ಕೊಟ್ಟು ಕೈ ಒರೆಸಿಕೊಂಡಳು. "ನಾಡಿದ್ದು ಪಾಠ ಇದೆ," ಅಂದು ಹೊರಟುಹೋದಳು. ಖಮೂಸ್ ಮಂತ್ರ ಹೇಳಿ ಒಂದೇ ಎಳೆತಕ್ಕೆ ಕೊಯ್ದ, ರಕ್ತ ಬಿದ್ದ ಜಾಗಕ್ಕೆ ಬೂದಿ ಎರಚಿದ, ಕೋಳಿಯನ್ನು ಕಮ್ಮೂನಾಳ ಮಡಿಲಿಗೆ ಹಾಕಿದ. ಅದು ಇನ್ನೂ ಅದುರುತ್ತಿತ್ತು. ಅವಳು ಅದನ್ನು ಎರಡು ಮೊಣಕಾಲ ನಡುವೆ ಇರುಕಿಕೊಂಡು, ಮೈ ಆರುವುದರೊಳಗೆ, ಎದೆಯಿಂದ ಕೀಳಲು ಶುರುಮಾಡಿದಳು.